ಶಂಕ್ರವ್ವನ ನಲವತ್ತೊಂಬತ್ತು

೧೯೮೬ರ ಜುಲೈ ತಿಂಗಳ ಒಂದು ಸೋಮವಾರ ಹಾನಗಲ್ಲಿನ ಹೆಣ್ಣುಮಕ್ಕಳ ಹೈಸ್ಕೂಲಿಗೆ ಮೂರು ರಟ್ಟಿನ ಪೆಟ್ಟಿಗೆಗಳು ಬಂದವು. ಒಂದರಲ್ಲಿ ಕಂಪ್ಯೂಟರು, ಇನ್ನೊಂದರಲ್ಲಿ ಅದಕ್ಕೆ ಜೋಡಿಸುವ ಟೀವಿ, ಮೂರನೆಯದರಲ್ಲಿ ಬರೀ ವೈರು. ಸರಕಾರ ಆರಿಸಿದ ಕೆಲವೇ ಶಾಲೆಗಳಲ್ಲಿ ತಮ್ಮದೂ ಒಂದು ಎಂಬ ಹಿಗ್ಗಿಗೆ ಹೆಡ್‌ಮಿಸ್ಟ್ರೆಸ್ ಹಾಲವ್ವ ಇಡೀ ಶಾಲೆಗೆ ಪೇಢೆ ಹಂಚಿಸಿದರು. ಪೇಢೆ ಬಾಯಲ್ಲಿ ಕರಗುವುದರೊಳಗೆ ಜಗಳ ಶುರುವಾಯಿತು. ಇದನ್ನು ಇಡುವುದೆಲ್ಲಿ?

‘ಸೈನ್ಸ್ ರೂಮಿನ್ಯಾಗ ಇಡ್ರಿ’ ಎಂದರು ಹಾಲವ್ವ.

ವಿಜ್ಞಾನದ ಮಾಸ್ತರ ಮಹಾಲಿಂಗಪ್ಪ ಆ ರೂಮಿನ ಬಾಗಿಲಿಗೆ ಅಡ್ಡ ನಿಂತರು. ಇಪ್ಪತ್ತೊಂದು ವರ್ಷ ಸರ್ವಿಸಾದ ಮನುಷ್ಯ. ಮಕ್ಕಳಿಗೆ ಪಾಠ ಹೇಳುವಾಗ ಮೆತ್ತಗೆ, ದೊಡ್ಡವರ ಜೊತೆ ವಾದಕ್ಕಿಳಿದರೆ ಗರಗಸ. ‘ದೊಡ್ಡಕ್ಕೋರ, ಈ ರೂಮಿನ್ಯಾಗ ತಕ್ಕಡಿ ಐತಿ, ಅಯಸ್ಕಾಂತ ಐತಿ, ಬಾಟ್ಲಿಯೊಳಗ ಕಪ್ಪಿ ಐತಿ. ಎಲ್ಲಾ ನಿಸರ್ಗದ್ದು. ಈ ಡಬ್ಬಿ ಯಾವ ಅಡವಿಯೊಳಗ ಬೆಳೀತೈತಿ, ಹೇಳ್ರಿ? ಮನಷ್ಯಾ ಮಾಡಿದ ಮಿಷನ್ ಇದು. ವಿಜ್ಞಾನ ಅಲ್ಲ.’

ಹೊಲಿಗೆ ಕೋಣೆಯಲ್ಲಿ ಇದ್ದದ್ದು ಒಂದೇ ಪ್ಲಗ್ಗು. ಅದು ಇಸ್ತ್ರಿ ಪೆಟ್ಟಿಗೆಗೆ ಮೀಸಲು ಎಂದು ಹೊಲಿಗೆ ಅಕ್ಕೋರು ಕೈ ಮುಗಿದುಬಿಟ್ಟರು. ಹೀಗಾಗಿ ಅತ್ತ ವಿಜ್ಞಾನವೂ ಅಲ್ಲದ, ಇತ್ತ ಹೊಲಿಗೆಯೂ ಅಲ್ಲದ ಆ ಪೆಟ್ಟಿಗೆಗಳು ಆಫೀಸಿಗೆ ಬಂದು, ಕ್ಲಾರ್ಕ್ ಶಂಕ್ರವ್ವನ ಟೈಪ್‌ರೈಟರಿನ ಪಕ್ಕದಲ್ಲಿ ಕುಳಿತವು.

ಶಂಕ್ರವ್ವನಿಗೆ ಆಗ ಮೂವತ್ತೆರಡು. ತಿಳವಳ್ಳಿಯವಳು. ಅಪ್ಪ ಉಡಚಪ್ಪ ರಸ್ತೆ ಗ್ಯಾಂಗಿನಲ್ಲಿ ಜಲ್ಲಿ ಹಾಕುತ್ತಿದ್ದ. ಅವ್ವ ಕರೆವ್ವ ಭತ್ತದ ನಾಟಿಗೆ ಹೋಗುವ ಹೆಂಗಸರ ಗುಂಪಿಗೆ ಮುಂದಾಳು. ಮನೆಯ ಗೋಡೆಗೆ ಬುದ್ಧನದೊಂದು ಫೋಟೊ ಇತ್ತು. ಅದನ್ನು ತೋರಿಸಿ ಉಡಚಪ್ಪ, ‘ಇವರು ಹೇಳ್ಯಾರಂತ ಇವರ ಮಾತೂ ನಂಬಬ್ಯಾಡ ಮಗಳ, ನೀ ನೋಡಿ ನಂಬು’ ಎನ್ನುತ್ತಿದ್ದ. ಆ ಮನೆಯಿಂದ ಎಸ್ಸೆಸ್ಸೆಲ್ಸಿ ಪಾಸಾದ ಮೊದಲನೆಯವಳು ಶಂಕ್ರವ್ವ. ದಿನಾ ಬಸ್ಸು ಹಿಡಿದು ಹಾನಗಲ್ಲಿಗೆ ಬಂದು ಟೈಪಿಂಗ್ ಕಲಿತಳು, ೧೯೭೫ರಲ್ಲಿ ಇದೇ ಶಾಲೆಯಲ್ಲಿ ಕ್ಲಾರ್ಕ್ ಆದಳು, ಅದೇ ಬಸ್ಸಿನ ಕಂಡಕ್ಟರ್ ಮಾರೆಪ್ಪನನ್ನು ಮದುವೆಯೂ ಆದಳು.

ಅವಳಿಗೊಂದು ವಿಚಿತ್ರ ಖುಷಿ ಇತ್ತು. ಚೆಲ್ಲಾಪಿಲ್ಲಿಯಾದದ್ದು ಸಾಲಿಗೆ ಬಂದು ನಿಂತರೆ ಹೊಟ್ಟೆಯೊಳಗಿಂದ ನಗೆ ಏಳುತ್ತಿತ್ತು. ಮುನ್ನೂರು ಹುಡುಗಿಯರ ದಾಖಲೆ ಚೀಟಿಗಳನ್ನು ಅ ಆ ಇ ಈ ಪ್ರಕಾರ ಜೋಡಿಸಿ ಮುಗಿಸಿದ ದಿನ ಮನೆಗೆ ಹಾಡು ಗುನುಗುತ್ತಾ ಹೋಗುತ್ತಿದ್ದಳು. ‘ಇವತ್ತ ಏನರ ಪ್ರಮೋಷನ್ ಆತೇನ?’ ಎಂದು ಮಾರೆಪ್ಪ ಕೇಳಿದರೆ, ‘ಇಲ್ರಿ, ಯಂಕವ್ವಗೊಳು ಎಲ್ಲಾರೂ ಒಂದ ಕಡೆ ಬಂದ್ರು’ ಎನ್ನುತ್ತಿದ್ದಳು.

ಕಂಪ್ಯೂಟರ್ ತರಬೇತಿಗೆ ಧಾರವಾಡಕ್ಕೆ ಒಬ್ಬರು ಹೋಗಬೇಕಿತ್ತು. ಗಣಿತದ ಮಾಸ್ತರರಿಗೆ ಕಾಮಣಿಯಾಗಿ ಮೈಯೆಲ್ಲ ಹಳದಿ. ಮಹಾಲಿಂಗಪ್ಪ ಮಾಸ್ತರರಂತೂ ಆ ಡಬ್ಬಿಯ ಕಡೆ ಮುಖ ಹಾಕಿಯೂ ನಿಲ್ಲುತ್ತಿರಲಿಲ್ಲ. ಹಾಲವ್ವ ಆಫೀಸಿಗೆ ಬಂದು ಟೈಪ್‌ರೈಟರನ್ನೂ ಕಂಪ್ಯೂಟರನ್ನೂ ಒಮ್ಮೆ ನೋಡಿ, ‘ಇದಕ್ಕೂ ಕೀ ಅದಾವ, ಅದಕ್ಕೂ ಕೀ ಅದಾವ. ನೀವ ಹೋಗಿ ಬರ್ರಿ ಶಂಕ್ರವ್ವಾರ’ ಎಂದರು.

ಹತ್ತು ದಿನದ ಶಿಬಿರ. ಇಪ್ಪತ್ಮೂರು ಜನ ಗಣಿತ, ವಿಜ್ಞಾನದ ಮಾಸ್ತರರು, ಒಬ್ಬಳು ಕ್ಲಾರ್ಕ್. ಮೊದಲ ನಾಲ್ಕು ದಿನ ಅವಳು ಬಾಯಿ ಬಿಡಲಿಲ್ಲ. ಐದನೆಯ ದಿನ ತರಬೇತಿ ಕೊಡುವವರು ಮುನ್ನೂರು ಹೆಸರುಗಳನ್ನು ಕಂಪ್ಯೂಟರಿಗೆ ತುಂಬಿ, ಅಕ್ಷರದ ಪ್ರಕಾರ ಸಾಲು ಹಚ್ಚಲು ಹೇಳಿದರು. ಕಂಪ್ಯೂಟರು ಹಚ್ಚಿತು, ಅಷ್ಟರಲ್ಲಿ ಎಲ್ಲರ ಚಹಾ ಆರಿತ್ತು. ಆಮೇಲೆ ಅವರು ಬೇರೆ ಒಂದು ಕ್ರಮ ಬರೆದು, ಅವೇ ಹೆಸರುಗಳನ್ನು ಮತ್ತೆ ಕೊಟ್ಟರು. ಎರಡನೆಯ ಕಪ್ಪಿನ ಮೊದಲ ಗುಟುಕಿಗೇ ಕೆಲಸ ಮುಗಿದಿತ್ತು.

ಶಂಕ್ರವ್ವ ಎದ್ದು ನಿಂತಳು. ‘ಮಿಷನ್ ಬದಲಿ ಮಾಡಿದ್ರೇನ್ರಿ?’

‘ಇಲ್ಲ, ಮಿಷನ್ ಅದೇ. ದಾರಿ ಬದಲಿ.’

ಅವಳು ಜೋರಾಗಿ ನಕ್ಕುಬಿಟ್ಟಳು. ಇಪ್ಪತ್ಮೂರು ತಲೆಗಳು ಹೊರಳಿ ನೋಡಿದವು. ಹನ್ನೊಂದು ವರ್ಷದಿಂದ ಚೀಟಿ ಜೋಡಿಸುತ್ತಿದ್ದವಳಿಗೆ, ಜೋಡಿಸುವುದರಲ್ಲಿಯೇ ಉದ್ದದ ದಾರಿ, ಗಿಡ್ಡ ದಾರಿ ಇರುತ್ತವೆಂದೂ, ಅವನ್ನು ಮೊದಲೇ ಎಣಿಸಿ ಹೇಳಬಹುದೆಂದೂ ಆ ಕ್ಷಣಕ್ಕೆ ಗೊತ್ತಾಗಿತ್ತು. ಊರಿಗೆ ಮರಳುವ ಬಸ್ಸಿನಲ್ಲಿ ಅವಳು ಮನಸ್ಸಿನೊಳಗೇ ಪ್ರಯಾಣಿಕರನ್ನೆಲ್ಲ ಎತ್ತರದ ಪ್ರಕಾರ ನಿಲ್ಲಿಸುತ್ತಾ ಕೂತು ಹಾನಗಲ್ ಸ್ಟ್ಯಾಂಡ್ ಬಂದದ್ದೇ ತಿಳಿಯದೆ, ಬಸ್ಸು ಡಿಪೋಕ್ಕೆ ಹೋದ ಮೇಲೆ ಇಳಿದಳು.

ಅವಳ ಕೈಯಲ್ಲಿದ್ದ ಪ್ರಮಾಣಪತ್ರದ ಮೇಲೆ ‘ಗಣಕ ವಿಜ್ಞಾನ ಪರಿಚಯ’ ಎಂದು ಅಚ್ಚಾಗಿತ್ತು. ಮಹಾಲಿಂಗಪ್ಪ ಮಾಸ್ತರರು ಅದನ್ನು ಇಸಿದುಕೊಂಡು, ಕನ್ನಡಕ ಏರಿಸಿ ಓದಿ, ಎರಡನೆಯ ಶಬ್ದದ ಮೇಲೆ ಬೆರಳಿಟ್ಟರು.

‘ಶಂಕ್ರವ್ವಾರ, ಸುಣ್ಣಕ್ಕ ಯಾರರ ಬಿಳೇದು ಅಂತ ಚೀಟಿ ಹಚ್ಚತಾರೇನ್ರಿ? ಬಿಳೇದು ಹೌದೋ ಅಲ್ಲೋ ಅನ್ನೂ ಸಂಶಯ ಇದ್ದದ್ದಕ್ಕ ಹಚ್ಚತಾರ. ಈ ವಿಜ್ಞಾನ ಅನ್ನೂ ಚೀಟಿನೂ ಹಂಗ.’

‘ನೀವು ಪಾಠಾ ಮಾಡೂದನ್ನ ಸಾಮಾನ್ಯ ವಿಜ್ಞಾನ ಅಂತಾರಲ್ರಿ ಮಾಸ್ತರ, ಅದಕ್ಕ ಎರಡು ಚೀಟಿ ಹಚ್ಯಾರ!’ ಎಂದಳು ಶಂಕ್ರವ್ವ.

ಅಂದು ಸ್ಟಾಫ್ ರೂಮಿನಲ್ಲಿ ಎದ್ದ ನಗೆ ಮಾಸ್ತರರನ್ನು ಕೆಣಕಿತು. ಮರುದಿನದಿಂದ ಮಧ್ಯಾಹ್ನದ ಚಹಾ ಬಿಡುವು ವಾದದ ಅಖಾಡವಾಯಿತು. ನಿಸರ್ಗದಲ್ಲಿ ಇರುವುದನ್ನು ಹುಡುಕಿದರೆ ವಿಜ್ಞಾನ, ಮನುಷ್ಯ ಮಾಡಿದ್ದನ್ನು ತಿರುಗಿಸಿ ನೋಡಿದರೆ ಮೆಕ್ಯಾನಿಕ್ ಕೆಲಸ, ಎಂದು ಅವರು. ಹಾಗಾದರೆ ಕಪ್ಪೆಯನ್ನು ಬಾಟಲಿಯಲ್ಲಿ ಹಾಕಿದ್ದು ನಿಸರ್ಗವೇ ಎಂದು ಇವಳು. ಒಂದು ದಿನ ಅವಳು ನಗೆ ಬಿಟ್ಟು ಹೇಳಿದಳು: ‘ಮಾಸ್ತರ, ಮಿಷನ್ ಮನಷ್ಯಾರು ಮಾಡಿದ್ದು, ಒಪ್ಪತೇನಿ. ಆದ್ರ ಹದಿನಾರು ಮಂದೀನ್ನ ಸಾಲು ಹಚ್ಚಾಕ ಎಷ್ಟು ಸಲ ಹೋಲಿಸಬೇಕು ಅನ್ನೂ ಲೆಕ್ಕ? ಅದನ್ನ ಯಾರು ಮಾಡ್ಯಾರ್ರಿ? ಅದು ಮೊದಲ ಇತ್ತು. ನಮಗ ಗೊತ್ತಿರಲಿಲ್ಲ ಅಷ್ಟ.’

ಮಾಸ್ತರರು ‘ಚಹಾ ಆರೇತಿ’ ಎಂದು ಎದ್ದು ಹೋದರು.

ವಾದ ಶಾಲೆಯ ಗೋಡೆಯೊಳಗೆ ನಿಲ್ಲಲಿಲ್ಲ. ಮಾರೆಪ್ಪ ಅದನ್ನು ಬಸ್ಸಿಗೆ ಹತ್ತಿಸಿಕೊಂಡ. ‘ಟಿಕೆಟ್, ಟಿಕೆಟ್... ಎಲ್ಲಿಗ್ರಿ, ಆಲೂರಿಗೇನು? ಕಂಪ್ಯೂಟರ್ ವಿಜ್ಞಾನ ಹೌದೋ, ಅಲ್ಲೋ?’ ಕಂಪ್ಯೂಟರು ಎಂದರೆ ಏನೆಂದು ಬಸ್ಸಿನಲ್ಲಿ ಯಾರೂ ನೋಡಿರಲಿಲ್ಲ. ಆದರೂ ಅಭಿಪ್ರಾಯ ಎಲ್ಲರಿಗೂ ಇತ್ತು. ಮುಂದಿನ ಸೀಟಿನವರು ಹೌದೆಂದರೆ ಹಿಂದಿನ ಸೀಟಿನವರು ಅಲ್ಲವೆನ್ನುತ್ತಿದ್ದರು. ಅಕ್ಕಿಆಲೂರಿನ ಮುದುಕನೊಬ್ಬ ಬಹಳ ಹೊತ್ತು ವಿಚಾರ ಮಾಡಿ, ‘ಅದನ್ನ ತಿನ್ನಾಕ ಬರತೈತೇನು?’ ಎಂದು ಕೇಳಿದ. ಬರುವುದಿಲ್ಲವೆಂದು ಮಾರೆಪ್ಪ ಹೇಳಿದಾಗ, ‘ಹಂಗಾದ್ರ ವಿಜ್ಞಾನನ ಇರಬೇಕು ತಗೋ’ ಎಂದು ತೀರ್ಪು ಕೊಟ್ಟು ಇಳಿದುಹೋದ.

೧೯೮೭ರ ಜನವರಿಯಲ್ಲಿ ಹಾನಗಲ್, ಶಿಗ್ಗಾವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ತಾಲೂಕುಗಳ ಶಾಲೆಗಳಿಗೆ ಸೇರಿಸಿ ಸವಣೂರಿನಲ್ಲಿ ವಿಜ್ಞಾನ ಪ್ರದರ್ಶನ ಏರ್ಪಾಟಾಯಿತು. ಹಾಲವ್ವ ಎರಡು ಹೆಸರು ಕಳಿಸಿದರು: ಮಹಾಲಿಂಗಪ್ಪ ಮಾಸ್ತರರ ಲೋಲಕಗಳು, ಶಂಕ್ರವ್ವನ ಕಂಪ್ಯೂಟರು.

ಕಂಪ್ಯೂಟರನ್ನು ಕರೆವ್ವ ಹೊಲಿದ ಕೌದಿಯಲ್ಲಿ ಸುತ್ತಿದರು. ಟೀವಿಗೆ ಇನ್ನೊಂದು ಕೌದಿ. ಕಂಪ್ಯೂಟರಿನ ಪ್ರೋಗ್ರಾಮುಗಳನ್ನು ಕ್ಯಾಸೆಟ್ಟಿನಿಂದ ಓದಿಸಬೇಕಾಗಿದ್ದರಿಂದ ರೇಡಿಯೊ ರಿಪೇರಿಯ ಕರೀಮಸಾಬನ ಟೇಪ್‌ರೆಕಾರ್ಡರ್ ಕೂಡ ಜೊತೆಗೆ ಬಂತು. ಶಿಗ್ಗಾವಿಯಲ್ಲಿ ಬಸ್ಸು ಬದಲಿಸುವಾಗ ರಜೆ ಹಾಕಿ ಬಂದಿದ್ದ ಮಾರೆಪ್ಪ ಕಂಪ್ಯೂಟರನ್ನು ಮಗುವಿನಂತೆ ಎದೆಗವಚಿಕೊಂಡು ಇಳಿದ. ಕಿಟಕಿಯ ಹೆಂಗಸೊಬ್ಬಳು ‘ಎಷ್ಟು ತಿಂಗಳದ್ದು?’ ಎಂದು ಕೇಳಿದಳು. ‘ಆರು’ ಎಂದ ಮಾರೆಪ್ಪ. ಸುಳ್ಳೇನೂ ಅಲ್ಲ. ಬಸ್ಸಿನ ಆ ತುದಿಯಲ್ಲಿ ಲೋಲಕಗಳ ಪೆಟ್ಟಿಗೆ ಹಿಡಿದು ಕೂತ ಮಹಾಲಿಂಗಪ್ಪ ಮಾಸ್ತರರ ಮೀಸೆಯೂ ಒಂದು ಸಲ ಅಲುಗಿತು.

ಸವಣೂರಿನಲ್ಲಿ ಹೆಸರು ಬರೆದುಕೊಳ್ಳುವ ಮೇಜಿನ ಬಳಿ ತೊಂದರೆ ಎದುರಾಯಿತು. ಪಟ್ಟಿಯಲ್ಲಿ ಭೌತಶಾಸ್ತ್ರ, ರಸಾಯನ, ಜೀವ, ಗಣಿತ ಎಂಬ ನಾಲ್ಕೇ ವಿಭಾಗ. ಇವುಗಳಲ್ಲಿ ಬಾರದ್ದೆಲ್ಲ ಕರಕುಶಲ. ಕಂಪ್ಯೂಟರು ಈ ನಾಲ್ಕರಲ್ಲಿ ಯಾವುದೂ ಅಲ್ಲವೆಂದು ಬರೆದುಕೊಳ್ಳುವವರು ಅದನ್ನು ಒಯ್ದು, ಮಣಿಯ ತೋರಣಕ್ಕೂ ಬಿದಿರಿನ ಬುಟ್ಟಿಗೂ ನಡುವೆ ಇಡಿಸಿದರು.

ಹಾಲವ್ವ ಸುಮ್ಮನೆ ಬಿಡುವವರಲ್ಲ. ಸೆರಗು ಬಿಗಿದು ಸೀದಾ ಮುಖ್ಯ ಪರೀಕ್ಷಕರ ಹತ್ತಿರ ಹೋದರು. ಅವರು ಶಿಗ್ಗಾವಿಯ ಪರಮೇಶ್ವರಪ್ಪ, ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿ ನಿವೃತ್ತರಾದ ಹಿರಿಯರು. ಎಲ್ಲವನ್ನೂ ತಾಳ್ಮೆಯಿಂದ ಕೇಳಿಸಿಕೊಂಡು, ‘ನಿಮ್ಮ ಶಾಲಿ ವಿಜ್ಞಾನದ ಮಾಸ್ತರು ಏನಂತಾರ?’ ಎಂದರು.

ಎಲ್ಲರ ಕಣ್ಣು ಮಹಾಲಿಂಗಪ್ಪನವರ ಮೇಲೆ ಬಿತ್ತು. ಅವರು ಶಂಕ್ರವ್ವನ ಮುಖ ನೋಡಿದರು, ಆಮೇಲೆ ನೆಲ ನೋಡಿದರು. ‘ನಮ್ಮ ಶಾಲಿದ ಇರಬಹುದ್ರಿ ಸರ್, ಆದ್ರ ನಾ ಸುಳ್ಳು ಹೇಳಂಗಿಲ್ಲ. ಇದು ವಿಜ್ಞಾನ ಅಲ್ಲ.’

ಶಂಕ್ರವ್ವನಿಗೆ ಕಪಾಳಕ್ಕೆ ಹೊಡೆದಂತಾಯಿತು. ಸ್ಟಾಫ್ ರೂಮಿನ ಆರು ತಿಂಗಳ ವಾದ ಅವಳಿಗೆ ಒಂದು ಆಟವಾಗಿತ್ತು. ಹೊರಗಿನವರ ಎದುರಿಗೆ ಅದೇ ಮಾತು ಬೇರೆ ಭಾರದಿಂದ ಬಿತ್ತು.

ಪರಮೇಶ್ವರಪ್ಪ ಗದ್ದ ಕೆರೆದುಕೊಂಡರು. ‘ನೋಡ್ರಿ ತಂಗಿ, ನನಗ ಮಿಷನ್ ಬ್ಯಾಡ. ವಿಜ್ಞಾನಿ ಆದವನು ಏನ್ ಮಾಡತಾನ? ಹಿಂಗ ಆಗತೈತಿ ಅಂತ ಮೊದಲ ಹೇಳತಾನ. ಆಮ್ಯಾಲೆ ಎಲ್ಲಾರ ಮುಂದ ಮಾಡಿ ನೋಡತಾನ. ತಪ್ಪಾದ್ರ ತಪ್ಪು ಅಂತ ಒಪ್ಪತಾನ. ತಪ್ಪಾಗಾಕ ಜಾಗಾನ ಇಲ್ಲದ್ದು ವಿಜ್ಞಾನ ಅಲ್ಲ. ಅಂಥಾದೊಂದು ಮೂರು ಹೊಡಿಯೂದ್ರೊಳಗ ನನಗ ತೋರಿಸ್ರಿ. ನಿಮ್ಮ ಟೇಬಲ್ ನಾನ ಎತ್ತಿ ಆ ಕಡೆ ಇಡತೇನಿ.’

ಅವಳು ಓಡಿಬಂದು ಕ್ಯಾಸೆಟ್ ಹಾಕಿದಳು. ಟೇಪು ಜೀರುಂಡೆಯಂತೆ ಕಿರ್ರೆಂದಿತು. ಟೀವಿಯ ಮೇಲೆ ಒಂದು ಸಾಲು ಮೂಡಿತು, ಎರಡನೆಯದು ಮೂಡುತ್ತಿತ್ತು... ಕರೆಂಟು ಹೋಯಿತು. ಗಂಟೆ ಎರಡೂ ಕಾಲು. ಸಂಜೆ ತನಕ ಬರುವುದಿಲ್ಲವೆಂದು ಯಾರೋ ಹೇಳಿದರು.

ಮಾರೆಪ್ಪ ಹಣೆ ಹಣೆ ಬಡಿದುಕೊಂಡ. ಶಂಕ್ರವ್ವ ಕಪ್ಪಾದ ಟೀವಿಯ ಗಾಜಿನಲ್ಲಿ ತನ್ನ ಮುಖವನ್ನೇ ನೋಡುತ್ತಾ ನಿಂತಳು. ಅಲ್ಲಿಯೇ, ಆ ಗಾಜಿನಲ್ಲಿಯೇ, ಅವಳ ತುಟಿ ಅರಳುವುದು ಕಂಡಿತು.

‘ಏನ್ರಿ, ಸರ್ ಏನಂದ್ರು? ಮಿಷನ್ ಬ್ಯಾಡ ಅಂದ್ರು.’

‘ಅಂದ್ರು. ಅದಕ್ಕೇನೀಗ?’

‘ಹದಿನಾರು ಮಂದಿ ಬೇಕ್ರಿ ನನಗ. ಗಿಡ್ಡ, ಉದ್ದ, ಎಂಥಾವರಾದ್ರೂ ನಡೀತೈತಿ. ಓಡ್ರಿ!’

ಬಸ್ಸು ತುಂಬಿಸಿ ಅಭ್ಯಾಸವಿದ್ದವನಿಗೆ ಹದಿನಾರು ಜನ ಯಾವ ಲೆಕ್ಕ? ‘ಬರ್ರಿ, ಬರ್ರಿ, ಜಾಗಾ ಐತಿ, ಮುಂದಕ್ಕ ಸರೀರಿ’ ಎನ್ನುತ್ತಾ ಐದು ನಿಮಿಷದಲ್ಲಿ ಮೈದಾನಕ್ಕೆ ಎಳೆದು ತಂದ. ಹಿರೇಕೆರೂರಿನ ಆರು ಹುಡುಗಿಯರು, ಸವಣೂರಿನ ನಾಲ್ವರು ಮಾಸ್ತರರು, ಇಬ್ಬರು ಅಕ್ಕೋರು, ಒಬ್ಬ ಪೇದೆ, ಇಬ್ಬರು ಪಾಲಕರು, ಮೊಮ್ಮಗಳು ಮಾಡಿದ ಗಾಳಿಯಂತ್ರ ನೋಡಲು ಬಂದಿದ್ದ ಎಲೆಬಳ್ಳಿ ತೋಟದ ಫಕ್ಕೀರಪ್ಪ. ಈ ಫಕ್ಕೀರಪ್ಪ ತಲೆಗೆ ಕೆಂಪು ರುಮಾಲು ಸುತ್ತಿ, ಮೀಸೆ ತೀಡಿ, ತಾನೇ ಎಲ್ಲರಿಗಿಂತ ಎತ್ತರವೆಂಬ ಠೀವಿಯಲ್ಲಿ ನಿಂತಿದ್ದ.

ಎಣಿಸುವ ಕೆಲಸಕ್ಕೆ ಗೇಟಿನ ಬಳಿ ಹುಣಸೆಹಣ್ಣು, ಬಾರಿಹಣ್ಣು ಮಾರುವ ಲಾಲಬಿ ಸಿಕ್ಕಳು. ಅವಳ ಮುಂದೆ ಒಂದು ತಾಮ್ರದ ಚರಿಗೆ. ಇಬ್ಬರನ್ನು ಬೆನ್ನಿಗೆ ಬೆನ್ನು ಹಚ್ಚಿ ನಿಲ್ಲಿಸಿ ತಲೆಗಳ ಮೇಲೆ ಮಕ್ಕಳು ಬರೆಯುವ ಪಾಟಿಯೊಂದನ್ನು ಇಡುವುದು, ಪಾಟಿ ಯಾರ ಕಡೆ ವಾಲಿತೋ ಅವರು ಗಿಡ್ಡ. ಪಾಟಿ ಇಟ್ಟಾಗೊಮ್ಮೆ ಲಾಲಬಿ ಒಂದು ಹುಣಸೆಬೀಜ ಚರಿಗೆಗೆ ಹಾಕಬೇಕು.

ಶಂಕ್ರವ್ವ ಕರಿಹಲಗೆಯನ್ನು ಗೋಡೆಗೆ ಆನಿಸಿ ದೊಡ್ಡದಾಗಿ ಬರೆದಳು: ೪೯.

‘ಸರ್, ಹದಿನಾರು ಮಂದಿಯೊಳಗ ಪ್ರತಿಯೊಬ್ಬರನ್ನ ಪ್ರತಿಯೊಬ್ಬರ ಸಂಗಾಟ ಹೋಲಿಸಿದ್ರ ನೂರಾ ಇಪ್ಪತ್ತು ಸಲ ಪಾಟಿ ಇಡಬೇಕಾಗತೈತಿ. ನಂದು ಬ್ಯಾರೆ ದಾರಿ. ಇವರು ಹೆಂಗ ಬೇಕಾದ್ರೂ ನಿಂತಿರ್ಲಿ, ನಲವತ್ತೊಂಬತ್ತಕ್ಕಿಂತ ಒಂದೂ ಹೆಚ್ಚಾಗಂಗಿಲ್ಲ. ಹೆಚ್ಚಾದ್ರ ನಾ ಹೇಳಿದ್ದು ತಪ್ಪು. ಬುಟ್ಟಿ ಪಕ್ಕಕ್ಕ ಹೋಗಿ ಕುಂಡರತೇನಿ.’

ದಾರಿ ಸರಳವಾಗಿತ್ತು. ಮೊದಲು ಇಬ್ಬಿಬ್ಬರನ್ನು ಹೋಲಿಸಿ ಎಂಟು ಜೋಡಿ ಮಾಡಿದಳು, ಗಿಡ್ಡವರು ಮುಂದೆ, ಎತ್ತರದವರು ಹಿಂದೆ. ಆಮೇಲೆ ಎರಡು ಜೋಡಿಗಳನ್ನು ಅಕ್ಕಪಕ್ಕ ನಿಲ್ಲಿಸಿ, ಮುಂದಿನ ಇಬ್ಬರನ್ನಷ್ಟೇ ಹೋಲಿಸುವುದು. ಗಿಡ್ಡವರು ಹೊರಬಂದು ಹೊಸ ಸಾಲು ಸೇರುವುದು. ಉಳಿದವರಲ್ಲಿ ಮತ್ತೆ ಮುಂದಿನ ಇಬ್ಬರು. ಹೀಗೆ ನಾಲ್ಕರ ಸಾಲು, ನಾಲ್ಕು-ನಾಲ್ಕು ಕೂಡಿ ಎಂಟರ ಸಾಲು, ಎಂಟು-ಎಂಟು ಕೂಡಿ ಹದಿನಾರು.

ಮೊದಲ ಎಂಟು ಬೀಜ ಬೀಳುವಾಗ ನೋಡುವವರು ಹತ್ತು ಜನ. ಇಪ್ಪತ್ತು ಬೀಳುವಾಗ ಪ್ರದರ್ಶನದ ಅರ್ಧ ಮಂದಿ ಹೊರಗೆ ಬಂದಿದ್ದರು. ಮೂವತ್ತಾಗುವಷ್ಟರಲ್ಲಿ ಕಂಪೌಂಡಿನ ಮೇಲೂ ತಲೆಗಳು. ಪೇದೆ ತನ್ನ ಟೋಪಿ ತೆಗೆಯಬೇಕೋ ಬೇಡವೋ ಎಂದು ಕೇಳಿದ, ತೆಗೆಸಿದರು. ಫಕ್ಕೀರಪ್ಪನ ಸರದಿ ಬಂದಾಗೆಲ್ಲ ಗದ್ದಲ. ರುಮಾಲು ಬಿಚ್ಚಿಸಿದರೆ ಅವನು ಎರಡು ಬೆರಳು ಕಡಿಮೆಯಾಗುತ್ತಿದ್ದ, ಮುಖ ಕೆಂಪು ಮಾಡಿಕೊಂಡು ‘ಇನ್ನೊಮ್ಮಿ ಹಚ್ಚಿ ನೋಡ್ರಿ!’ ಎನ್ನುತ್ತಿದ್ದ. ಹಾಲವ್ವ ಪ್ರತಿ ಬೀಜಕ್ಕೂ ಜೋರಾಗಿ ಸಂಖ್ಯೆ ಕೂಗಬೇಕೆಂದು ಹೊರಟು, ಉಸಿರು ಕಟ್ಟಿ ನಡುವೆಯೇ ಬಿಟ್ಟರು. ಕೊನೆಗೆ ಹದಿನಾರು ಜನ ಮೆಟ್ಟಿಲು ಕಟ್ಟಿದಂತೆ ಸಾಲಾಗಿ ನಿಂತಾಗ ಮೈದಾನವೆಲ್ಲ ಚಪ್ಪಾಳೆ.

ಲಾಲಬಿ ಚರಿಗೆಯನ್ನು ಸೆರಗಿಗೆ ಸುರಿದು ಎಣಿಸಿದಳು. ಒಂದು ಸಲ. ಎರಡು ಸಲ. ‘ಐವತ್ತೊಂದ್ರಿ.’

ಚಪ್ಪಾಳೆ ನಿಂತಿತು. ಕರಿಹಲಗೆಯ ಮೇಲಿನ ೪೯ ಎಲ್ಲರನ್ನೂ ನೋಡುತ್ತಿತ್ತು. ಮಾರೆಪ್ಪ ಬುಟ್ಟಿಗಳ ಕಡೆ ಒಮ್ಮೆ ಕಣ್ಣು ಹಾಯಿಸಿದ.

ಶಂಕ್ರವ್ವ ಕರಿಹಲಗೆಯನ್ನೊಮ್ಮೆ, ಲಾಲಬಿಯ ಸೆರಗನ್ನೊಮ್ಮೆ ನೋಡಿದಳು. ಆಮೇಲೆ ಅವಳ ಹೊಟ್ಟೆಯಿಂದ ಅದೇ ನಗೆ ಎದ್ದಿತು. ತಡೆಯಲು ಸೆರಗು ಬಾಯಿಗೆ ಇಟ್ಟರೂ ನಿಲ್ಲಲಿಲ್ಲ. ‘ತಪ್ಪಾತು!’ ಎಂದು ಕೈ ತಟ್ಟಿದಳು. ‘ಸರ್, ತಪ್ಪಾತಲ್ರಿ! ಮೊದಲ ಹೇಳಿದೆ, ಎಲ್ಲಾರ ಮುಂದ ಮಾಡಿದೆ, ತಪ್ಪಾತು! ನೀವು ಕೇಳಿದ್ದು ಇದನ್ನ ಅಲ್ಲೇನ್ರಿ? ತಪ್ಪಾಗಾಕ ಜಾಗಾ ಐತಿ ಅಂತ ತೋರಿಸಿದೆನಿಲ್ಲ? ಬುಟ್ಟಿ ಎಂದಾದ್ರೂ ತಪ್ಪಾಗತೈತೇನ್ರಿ?’

ಪರಮೇಶ್ವರಪ್ಪ ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಾ ನಗತೊಡಗಿದರು. ಆಗ ಗುಂಪನ್ನು ಸೀಳಿಕೊಂಡು ಮಹಾಲಿಂಗಪ್ಪ ಮಾಸ್ತರರು ಮುಂದೆ ಬಂದರು. ಮುಖ ಕೆಂಡವಾಗಿತ್ತು.

‘ನಗಬ್ಯಾಡ್ರಿ! ತಪ್ಪಾಗಿಲ್ಲ ಅದು! ತಪ್ಪಾಗಾಕ ಸಾಧ್ಯ ಇಲ್ಲ!’

‘ಆಗೇತಲ್ರಿ ಮಾಸ್ತರ, ಐವತ್ತೊಂದು ಬಿದ್ದಾವ’ ಎಂದಳು ಶಂಕ್ರವ್ವ, ಹಿಗ್ಗು ತಡೆಯಲಾರದೆ.

‘ಬೀಳಾಕ ಬರಂಗಿಲ್ಲ! ನಾ ಆಗಸ್ಟ್ ತಿಂಗಳಿಂದ ಹಾಳಿ ಮ್ಯಾಲೆ ಮಾಡಿ ಮಾಡಿ ನೋಡೇನಿ. ಹೆಂಗ ತಿರುವಿ ಹಾಕಿದ್ರೂ ನಲವತ್ತೊಂಬತ್ತರ ಮ್ಯಾಲೆ ಹೋಗಂಗಿಲ್ಲ!’

ಹೇಳಿದ ಮೇಲೆ ತಾನು ಏನು ಹೇಳಿದೆನೆಂದು ಅವರಿಗೆ ಹೊಳೆಯಿತು. ಶಂಕ್ರವ್ವ ನಗುವುದನ್ನು ನಿಲ್ಲಿಸಿ ಅವರನ್ನೇ ನೋಡಿದಳು. ಆರು ತಿಂಗಳು ಅವಳ ಮಾತಿಗೆ ತಲೆಯಾಡಿಸದ ಮನುಷ್ಯ ಮನೆಯಲ್ಲಿ ಕೂತು ಹಾಳೆಯ ಮೇಲೆ ಹಾಳೆ ತುಂಬಿಸಿದ್ದರು!

‘ಎಲ್ಲೋ ಬೀಜ ಹೆಚ್ಚು ಬಿದ್ದಾವ’ ಎಂದು ಮಾಸ್ತರರು ಮಾತು ತೇಲಿಸಲು ನೋಡಿದರು.

ಲಾಲಬಿ ಎದ್ದು ನಿಂತಳು. ‘ನನ್ನ ಕೈ ಮ್ಯಾಲೆ ಮಾತು ಬಂದ್ರ ನಾ ಕೇಳಂಗಿಲ್ರಿ ಮಾಸ್ತರ. ಪಾಟಿ ಇಟ್ಟಾಗೊಮ್ಮಿ ಹಾಕು ಅಂದ್ರಿ, ಹಾಕೇನಿ. ಆ ರುಮಾಲಿನ ಅಜ್ಜಾಗ ಎರಡೆರಡು ಸಲ ಇಟ್ರಿ, ಎರಡೆರಡು ಬೀಜ ಹಾಕೇನಿ.’

ಮೈದಾನದ ಎಲ್ಲ ಮುಖಗಳೂ ಫಕ್ಕೀರಪ್ಪನ ಕಡೆ ತಿರುಗಿದವು. ‘ಎಷ್ಟು ಸಲ ಇನ್ನೊಮ್ಮಿ ಅಂದ್ಯಪಾ?’ ಎಂದು ಪರಮೇಶ್ವರಪ್ಪ ಕೇಳಿದರು. ಫಕ್ಕೀರಪ್ಪ ರುಮಾಲು ಎದೆಗೆ ಹಿಡಿದುಕೊಂಡು, ಮೊಮ್ಮಗಳ ಕಡೆ ಕಳ್ಳ ನೋಟ ಬೀರಿ, ನಾಲ್ಕು ಬೆರಳು ಎತ್ತಿದ.

‘ನಲವತ್ತೇಳು!’ ಎಂದು ಮಹಾಲಿಂಗಪ್ಪ ಗಾಳಿಗೆ ಗುದ್ದಿದರು. ಆಮೇಲೆ ಕೂಡಲೇ ಗಂಭೀರರಾಗಿ, ‘ಒಂದು ಸಲ ಮಾಡಿದ್ರ ಪ್ರಯೋಗ ಅನಿಸ್ಕೊಳ್ಳಂಗಿಲ್ಲ. ಎಲ್ಲಾರೂ ಸಾಲು ಕೆಡಿಸ್ರಿ, ಕೆಡಿಸ್ರಿ! ಮತ್ತೊಮ್ಮಿ!’ ಎಂದು ಅಂಗಿಯ ತೋಳು ಏರಿಸಿದರು.

ಎರಡನೆಯ ಸಲ ನಲವತ್ತಾರು ಬಂತು. ಮೂರನೆಯ ಸಲ ಮಾಸ್ತರರೇ ಪಾಟಿ ಹಿಡಿದರು, ನಲವತ್ತೈದು. ನಾಲ್ಕನೆಯ ಸಲ ಪೇದೆಯ ಬದಲು ಪರಮೇಶ್ವರಪ್ಪನವರೇ ಸಾಲಿನಲ್ಲಿ ನಿಂತರು, ಫಕ್ಕೀರಪ್ಪನಿಗಿಂತ ಅವರು ಗಿಡ್ಡವೆಂದು ಗೊತ್ತಾದಾಗ ಫಕ್ಕೀರಪ್ಪ ಅವರನ್ನು ಅಪ್ಪಿಕೊಂಡ. ನಡುವೆ ಯಾವಾಗಲೋ ಕರೆಂಟು ಬಂದಿತ್ತು. ಒಳಗೆ ಬುಟ್ಟಿ ತೋರಣಗಳ ನಡುವೆ ಟೀವಿ ಒಂದೇ ಬೆಳಗುತ್ತಾ ಕೂತಿತ್ತು. ನೋಡುವವರು ಒಬ್ಬರೂ ಇರಲಿಲ್ಲ.

ಪರೀಕ್ಷಕರು ಮೂವರು. ಒಬ್ಬರು ಇದು ಗಣಿತವೆಂದರು, ಒಬ್ಬರು ಕಸರತ್ತೆಂದರು, ಪರಮೇಶ್ವರಪ್ಪ ವಿಜ್ಞಾನವೆಂದರು. ಮುಕ್ಕಾಲು ಗಂಟೆ ಬಾಗಿಲು ಹಾಕಿಕೊಂಡು ಜಗಳಾಡಿ, ಹೊರಬಂದು ಶಂಕ್ರವ್ವನಿಗೆ ಎರಡನೆಯ ಬಹುಮಾನ ಕೊಟ್ಟರು. ಪ್ರಮಾಣಪತ್ರದಲ್ಲಿ ವಿಭಾಗ ಎಂಬ ಜಾಗದಲ್ಲಿ ಪರಮೇಶ್ವರಪ್ಪ ತಮ್ಮ ಪೆನ್ನಿನಿಂದ ‘ವಿಜ್ಞಾನ, ಚರ್ಚೆ ನಡೆದಿದೆ’ ಎಂದು ಬರೆದು ಸಹಿ ಹಾಕಿದರು. ಮಹಾಲಿಂಗಪ್ಪ ಮಾಸ್ತರರ ಲೋಲಕಗಳಿಗೆ ಏನೂ ಬರಲಿಲ್ಲ; ಪರೀಕ್ಷಕರು ಆ ಮೇಜಿಗೆ ಹೋದಾಗ ಅಲ್ಲಿ ಮಾಸ್ತರರೇ ಇರಲಿಲ್ಲ. ಅದು ಅವರ ನೆನಪಿಗೆ ಬಂದದ್ದು ಶಿಗ್ಗಾವಿಯಲ್ಲಿ ಬಸ್ಸು ಬದಲಿಸುವಾಗ. ‘ಅಯ್ಯ, ಲೋಲಕ!’ ಎಂದರು. ಪೆಟ್ಟಿಗೆ ಸವಣೂರಿನಲ್ಲಿಯೇ ಉಳಿದಿತ್ತು.

ಸೋಮವಾರ ಬೆಳಿಗ್ಗೆ ಶಂಕ್ರವ್ವ ಆಫೀಸಿಗೆ ಬಂದಾಗ ಮಹಾಲಿಂಗಪ್ಪ ಸೈನ್ಸ್ ರೂಮಿನ ಬಾಗಿಲು ತೆರೆದು, ಕಪ್ಪೆಯ ಬಾಟಲಿಗಳನ್ನು ಮೇಲಿನ ಹಲಗೆಗೆ ಏರಿಸುತ್ತಿದ್ದರು. ಕೆಳಗೆ ಒಂದು ಮೇಜು ಖಾಲಿಯಾಗಿತ್ತು.

‘ತಾತ್ಕಾಲಿಕ, ಹಾಂ?’ ಎಂದರು ಮುಖ ತಿರುಗಿಸದೆ. ‘ಆಫೀಸಿನ್ಯಾಗ ಇಲಿ ಕಾಟ ಐತಿ ಅಂತ ಇಲ್ಲಿ ಇಡಾಕತ್ತೇನಿ. ವಿಜ್ಞಾನ ಅಂತ ಅಲ್ಲ.’

‘ಹೌದ್ರಿ, ಇಲಿ ಬಾಳ ಅದಾವ’ ಎಂದಳು ಶಂಕ್ರವ್ವ.

ಅಂದಿನಿಂದ ಒಂಬತ್ತನೆಯ ಇಯತ್ತೆಗೆ ವಾರಕ್ಕೆ ಎರಡು ಪಿರಿಯಡ್ ಕ್ಲಾರ್ಕ್ ಶಂಕ್ರವ್ವನದೇ ಆಯಿತು. ಸಾಲು ಹಚ್ಚಲು ಕಲಿಸುವವಳೆಂದು ಹುಡುಗಿಯರು ಅವಳನ್ನು ‘ಸಾಲಕ್ಕೋರು’ ಎಂದು ಕರೆಯತೊಡಗಿದರು. ೧೯೮೮ರ ಮಳೆಗಾಲದಲ್ಲಿ ಕಂಪ್ಯೂಟರು ಒಮ್ಮೆ ಗೊಟಕ್ ಎಂದು ಸತ್ತೇಹೋಯಿತು. ರಿಪೇರಿಗೆ ಬರುವವರು ಬರಲಿಲ್ಲ. ಪಿರಿಯಡ್ ಮಾತ್ರ ನಿಲ್ಲಲಿಲ್ಲ. ಅಂಗಳದಲ್ಲಿ ಹುಡುಗಿಯರೇ ನಿಂತು, ಓಡಿ, ಸಾಲು ಬದಲಿಸಿ, ಬೀಜ ಹಾಕಿ ಕಲಿತರು. ಸತ್ತ ಯಂತ್ರಕ್ಕೆ ಯಾರೂ ಅತ್ತಂತೆ ಕಾಣಲಿಲ್ಲ.

ಮರುವರ್ಷ ಮಹಾಲಿಂಗಪ್ಪ ಮಾಸ್ತರರಿಗೆ ಹಿರೇಕೆರೂರಿಗೆ ವರ್ಗವಾಯಿತು. ಹೋದ ಎರಡು ವಾರಕ್ಕೆ ಕಾರ್ಡು ಬರತೊಡಗಿತು. ‘ಹೊಸ ದಾರಿಯೊಂದು ಕಂಡಿದ್ದೇನೆ, ನಲವತ್ತೆಂಟಕ್ಕೆ ಇಳಿಯುತ್ತದೆ.’ ಇನ್ನೊಂದು ಕಾರ್ಡು: ‘ನಲವತ್ತಾರು.’ ಶಂಕ್ರವ್ವ ಪ್ರತಿಯೊಂದನ್ನೂ ಅಂಗಳದಲ್ಲಿ ಮಾಡಿಸಿ ನೋಡಿ, ಸರಿಯಾದರೆ ಸರಿ, ತಪ್ಪಾದರೆ ಎಲ್ಲಿ ತಪ್ಪೆಂದು ತಿರುಗಿ ಬರೆಯುತ್ತಿದ್ದಳು. ಅಂಚೆಯವನು ಕಾರ್ಡು ಓದಿಯೇ ಕೊಡುತ್ತಿದ್ದ. ‘ಈ ಸಲ ಎರಡು ಇಳಿದಾವ್ರಿ ಅಕ್ಕೋರ’ ಎನ್ನುತ್ತಿದ್ದ.

ನವೆಂಬರಿನಲ್ಲಿ ಬಂದದ್ದು ಕಾರ್ಡಲ್ಲ, ಉದ್ದನೆಯ ಕಾಗದ. ಹದಿನಾರು ಜನ ಸಾಲಾಗಿ ನಿಲ್ಲುವ ಬಗೆಗಳು ಇಪ್ಪತ್ತು ಲಕ್ಷ ಕೋಟಿಗೂ ಹೆಚ್ಚು, ಒಂದೊಂದು ಹೋಲಿಕೆಗೆ ಉತ್ತರ ಎರಡೇ ಆದ್ದರಿಂದ ಪ್ರತಿ ಸಲ ಅರ್ಧ ಬಗೆಗಳನ್ನಷ್ಟೇ ಖಾತ್ರಿಯಾಗಿ ತೆಗೆದುಹಾಕಬಹುದು. ಲಾಗ್ ಟೇಬಲ್ ಹಿಡಿದು ನೋಡಿದೆ, ನಲವತ್ನಾಲ್ಕು ಹೋಲಿಕೆ ಎಲ್ಲ ಸಾಲಿಗೂ ಸಾಲುವುದಿಲ್ಲ, ಎಂಥ ಜಾಣ ಬಂದರೂ ಸಾಲುವುದಿಲ್ಲ, ಎಂದು ಬರೆದಿದ್ದರು. ಕೊನೆಯ ಸಾಲಿನ ಅಕ್ಷರಗಳು ಕುಣಿಯುತ್ತಿದ್ದವು: ‘ಈ ನಿಯಮವನ್ನು ಯಾರೂ ಮಾಡಿದ್ದಲ್ಲ. ಇದು ಇತ್ತು. ಒಪ್ಪಿದೆ, ಇದು ವಿಜ್ಞಾನವೇ.’

ಶಂಕ್ರವ್ವ ಕಾಗದವನ್ನು ಮೂರು ಸಲ ಓದಿದಳು. ಗೆದ್ದೆನೆಂದು ಕುಣಿಯಬೇಕಿತ್ತು. ಅವಳ ಹುಬ್ಬು ಗಂಟಾಯಿತು.

‘ಏನಾತು?’ ಎಂದ ಮಾರೆಪ್ಪ.

‘ಅಲ್ರಿ, ಪಾಟಿ ಇಲ್ಲ, ಬೀಜ ಇಲ್ಲ, ಮಂದಿ ಇಲ್ಲ, ಕುಂತಲ್ಲೆ ಲಾಗ್ ಟೇಬಲ್ ಹಿಡದು ಹೇಳ್ಯಾರ. ಮಾಡಿ ನೋಡೂದ ಬ್ಯಾಡ ಅಂದ್ರ, ತಪ್ಪಾಗೂದ ಇಲ್ಲಂದ್ರ, ಅದು ವಿಜ್ಞಾನ ಹೆಂಗಾತ್ರಿ? ಅದು ಗಣಿತ ಆತು!’

‘ಅವರು ಒಪ್ಪಿಕೊಂಡಾರ, ನೀ ಯಾಕ ಈಗ ಒಲ್ಲೆಂತಿ?’

‘ಒಪ್ಪಿದ್ದು ತಪ್ಪು ಕಾರಣಕ್ಕರಿ! ಕಾರ್ಡಿನ್ಯಾಗ ಇದು ಹಿಡಿಯಂಗಿಲ್ಲ. ಹೋಗಿ ಹೇಳಿ ಬರತೇನಿ.’

ಶನಿವಾರ ಮಧ್ಯಾಹ್ನ ಅರ್ಧ ದಿನ ಶಾಲೆ ಮುಗಿಸಿ ಹಿರೇಕೆರೂರಿನ ಬಸ್ಸು ಹತ್ತಿದಳು. ತಿಳವಳ್ಳಿ ದಾಟಿತು, ಹಂಸಭಾವಿ ದಾಟಿತು. ದಾರಿಯುದ್ದಕ್ಕೂ ಗೋವಿನಜೋಳದ ತೆನೆ ಮುರಿಯುತ್ತಿದ್ದರು. ಅವಳು ಕಿಟಕಿಯ ಕಡೆ ಮುಖ ಮಾಡಿ ಮಾತು ಜೋಡಿಸುತ್ತಿದ್ದಳು. ಮಾಸ್ತರರು ಹಿಂಗ ಅಂದರೆ ಹಂಗ ಅನ್ನಬೇಕು, ಹಂಗ ಅಂದರೆ ಹಿಂಗ. ಪಕ್ಕದಲ್ಲಿ ಕೂತ ಮುದುಕಿ ‘ಯಾರ ಜೋಡಿ ಜಗಳಾ ಮಾಡಾಕ ಹೊಂಟೀಯವ್ವಾ, ಇಷ್ಟು ಖುಷಿಲೆ?’ ಎಂದು ಕೇಳಿದಳು.

ಶಾಲೆಯ ಗೇಟಿಗೆ ಬಂದಾಗ ಅಂಗಳದಲ್ಲಿ ಮಹಾಲಿಂಗಪ್ಪ ಪಾಟಿ ಹಿಡಿದು ಓಡಾಡುತ್ತಿದ್ದರು. ಬೆವರಿನಿಂದ ಅಂಗಿ ಒದ್ದೆಯಾಗಿತ್ತು. ಇಬ್ಬಿಬ್ಬರ ಸಾಲುಗಳು ನಿಂತಿದ್ದವು, ಒಂದು ಜೋಡಿಯಲ್ಲಿ ಮಾತ್ರ ಒಬ್ಬರು ಕಡಿಮೆ. ಅವಳನ್ನು ಕಂಡು ಮಾಸ್ತರರು ನಮಸ್ಕಾರವನ್ನೂ ಮರೆತು ಕೈ ಬೀಸಿದರು.

‘ಬರ್ರಿ, ಬರ್ರಿ ಶಂಕ್ರವ್ವಾರ! ಹದಿನೈದ ಮಂದಿ ಸಿಕ್ಕಾರ. ಲಗೂನ ನಿಲ್ರಿ ಇಲ್ಲಿ!’

‘ಲಾಗ್ ಟೇಬಲ್ ಸಾಕು ಅಂದಿದ್ರಲ್ರಿ ಮಾಸ್ತರ? ಮತ್ತ ಇದ್ಯಾಕ?’

‘ಸಾಕು ಖರೆ,’ ಎಂದರು ಮಹಾಲಿಂಗಪ್ಪ, ‘ಆದ್ರೂ ಮಾಡಿ ನೋಡಬೇಕಲ್ರಿ?’

ಅವಳು ಕೈಚೀಲವನ್ನು ಗಿಡದ ಬುಡದಲ್ಲಿ ಇಟ್ಟು, ಚಪ್ಪಲಿ ಬಿಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆನ್ನು ನೆಟ್ಟಗೆ ಮಾಡಿ ಸಾಲಿನಲ್ಲಿ ನಿಂತಳು. ತಲೆಯ ಮೇಲೆ ಪಾಟಿ ತಣ್ಣಗೆ ಬಂದು ಕೂತಿತು.